ವಸತಿ ಸಮುಚ್ಚಯಗಳ ಸಾಮಾನ್ಯ ವಿದ್ಯುತ್ ಬಳಕೆ ಮತ್ತು ಹಸಿರುಮನೆ ಅನಿಲಗಳು

ಬೆಂಗಳೂರು ನಗರದ ಬೃಹತ್ ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ಪ್ರತಿ ಮನೆಗೂ ಪ್ರತ್ಯೇಕ ಮೀಟರ್ ಇರುವುದು ಸಾಮಾನ್ಯ. ನಿವಾಸಿಗಳು ತಮ್ಮ ಮನೆಯ ಬಿಲ್ಲನ್ನು ಪ್ರತಿ ತಿಂಗಳೂ ನೋಡುತ್ತಾರೆ. ಆದರೆ ಲಿಫ್ಟ್, ನೀರೆತ್ತುವ ಪಂಪು, ನೆಲಮಾಳಿಗೆಯ ದೀಪಗಳು, ಕೊಳಚೆ ನೀರು ಶುದ್ಧೀಕರಣ ಘಟಕ ಮತ್ತು ಡೀಸೆಲ್ ಜನರೇಟರ್‌ಗಳ ವೆಚ್ಚವು ಮಾಸಿಕ ನಿರ್ವಹಣಾ ಶುಲ್ಕದೊಳಗೆ ಸೇರಿಹೋಗುವುದರಿಂದ ಅದರ ಪ್ರಮಾಣವು ಬಹುತೇಕರ ಗಮನಕ್ಕೆ ಬರುವುದಿಲ್ಲ. ಸಮುಚ್ಚಯವೊಂದು ವಾತಾವರಣಕ್ಕೆ ಸೇರಿಸುವ ಇಂಗಾಲದ ಡೈಆಕ್ಸೈಡನ್ನು ತಗ್ಗಿಸಬೇಕಾದರೆ ಮೊದಲು ತೆರೆದು ನೋಡಬೇಕಾದುದು ಈ ಸಾಮಾನ್ಯ ಲೆಕ್ಕವನ್ನೇ. ಮೇಲ್ಛಾವಣಿ ಸೌರ ಘಟಕಕ್ಕೆ ಅರ್ಜಿ ಸಲ್ಲಿಸಲು ಇಚ್ಛಿಸುವ ಸಂಘಗಳಿಗೂ ಇದೇ ಮೊದಲ ಹೆಜ್ಜೆಯಾಗಿರುತ್ತದೆ.

ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳು, 2020ಕ್ಕೆ 2024ರ ಫೆಬ್ರವರಿಯಲ್ಲಿ ಮಾಡಲಾದ ತಿದ್ದುಪಡಿಯು ಈ ಕಾರ್ಯಕ್ಕೆ ಆಧಾರವನ್ನು ಒದಗಿಸಿದೆ. ಅದರಂತೆ ವಿದ್ಯುತ್ ಕಂಪನಿಯಿಂದ ಪಡೆದು ಮನೆಗಳು ಬಳಸಿದ ವಿದ್ಯುತ್, ಸಂಘವು ಜನರೇಟರ್‌ನಿಂದ ಮನೆಗಳಿಗೆ ಒದಗಿಸಿದ ವಿದ್ಯುತ್ ಹಾಗೂ ಸಾಮಾನ್ಯ ಪ್ರದೇಶಗಳ ವಿದ್ಯುತ್, ಈ ಮೂರನ್ನೂ ಪ್ರತ್ಯೇಕವಾಗಿ ಅಳೆದು ಪ್ರತ್ಯೇಕವಾಗಿಯೇ ಬಿಲ್ ಮಾಡತಕ್ಕದ್ದು. ಆದುದರಿಂದ ಜನರೇಟರ್ ವೆಚ್ಚವನ್ನು ಮನೆಗಳ ವಿಸ್ತೀರ್ಣದ ಆಧಾರದ ಮೇಲೆ ಹಂಚುತ್ತಿರುವಲ್ಲಿ, ಅಳತೆಯ ಆಧಾರದ ಬಿಲ್ಲನ್ನು ಕೇಳುವುದು ನಿವಾಸಿಗಳ ಹಕ್ಕಾಗಿರುತ್ತದೆ.

ಹೊರಸೂಸುವಿಕೆಯ ಲೆಕ್ಕ ಕಷ್ಟವಾದುದಲ್ಲ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರವು ಪ್ರಕಟಿಸುವ ಸರಾಸರಿಯಂತೆ ದೇಶದ ವಿದ್ಯುತ್ ಜಾಲದಿಂದ ಪಡೆಯುವ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಕರ್ನಾಟಕದಲ್ಲಿ ಜಲ, ಪವನ ಮತ್ತು ಸೌರ ವಿದ್ಯುತ್ತಿನ ಪಾಲು ಹೆಚ್ಚಿರುವುದರಿಂದ ಇಲ್ಲಿಗೆ ಈ ಸಂಖ್ಯೆ ಅನ್ವಯಿಸದೆಂದು ಕೆಲವರು ಭಾವಿಸುವುದುಂಟು. ಆದರೆ 2013ರ ಡಿಸೆಂಬರ್‌ನಲ್ಲಿ ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ರಾಷ್ಟ್ರೀಯ ಜಾಲದೊಂದಿಗೆ ಬೆಸೆದುಕೊಂಡ ನಂತರ ಇಡೀ ದೇಶಕ್ಕೆ ಒಂದೇ ಸರಾಸರಿಯನ್ನು ಬಳಸುವುದು ವಾಡಿಕೆಯಾಗಿದೆ. ಉದಾಹರಣೆಗೆ, 300 ಮನೆಗಳ ಸಮುಚ್ಚಯವೊಂದರ ಸಾಮಾನ್ಯ ಮೀಟರ್ ತಿಂಗಳಿಗೆ 30,000 ಯೂನಿಟ್ ತೋರಿಸಿದಲ್ಲಿ, ಅದು ಸುಮಾರು 21 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾಗುತ್ತದೆ.

ಈ ಬಳಕೆಯ ದೊಡ್ಡ ಭಾಗವು ನೀರಿನೊಂದಿಗೆ ತಳಕು ಹಾಕಿಕೊಂಡಿದೆ. ಕಾವೇರಿ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ ಮತ್ತು ತಾತಗುಣಿಗಳ ಮೂಲಕ ಸುಮಾರು 100 ಕಿಲೋಮೀಟರ್ ದೂರ ಸಾಗಿಸಿ, ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಲಾಗುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪುಗಳಲ್ಲಿ ಆಗುವ ನಷ್ಟವೂ ಸೇರಿ, ಸುಮಾರು 2 ಯೂನಿಟ್ ಬೇಕಾಗುತ್ತದೆ. ದಿನಕ್ಕೆ 500 ಲೀಟರ್ ಬಳಸುವ ಮನೆಗೆ ಇದು ತಿಂಗಳಿಗೆ 30 ಯೂನಿಟ್‌ನಷ್ಟಾಗುತ್ತದೆ; ಮೇಲೆ ಹೇಳಿದ 300 ಮನೆಗಳಿಗೆ 9,000 ಯೂನಿಟ್. ಈ ವಿದ್ಯುತ್ ಸಮುಚ್ಚಯದ ಯಾವ ಮೀಟರಿನಲ್ಲಿಯೂ ಕಾಣಿಸುವುದಿಲ್ಲ. ಇದಕ್ಕೆ ಹೋಲಿಸಿದರೆ ಅದೇ ಸಾವಿರ ಲೀಟರನ್ನು ಸಂಪಿನಿಂದ 60 ಮೀಟರ್ ಎತ್ತರದ ತೊಟ್ಟಿಗೆ ಏರಿಸಲು ಅರ್ಧ ಯೂನಿಟ್ಟೂ ಬೇಡ. ಸೋರುವ ನಲ್ಲಿಯನ್ನು ಸರಿಪಡಿಸುವುದು, ಶುದ್ಧೀಕರಿಸಿದ ನೀರನ್ನು ಶೌಚಾಲಯದ ಫ್ಲಶ್ ಹಾಗೂ ತೋಟಕ್ಕೆ ಬಳಸುವುದು ವಿದ್ಯುತ್ ಉಳಿತಾಯವೂ ಹೌದು.

ಶುದ್ಧೀಕರಣ ಘಟಕದಲ್ಲಿ ಗಾಳಿಯೂದುವ ಯಂತ್ರಗಳು ದಿನದ ಬಹುಪಾಲು ಓಡಬೇಕಾಗುತ್ತದೆ. ಹೊಸ ಸಮುಚ್ಚಯಗಳಲ್ಲಿ ಅರ್ಧದಷ್ಟು ಮನೆಗಳು ಖಾಲಿಯಿದ್ದರೂ ಯಂತ್ರಗಳನ್ನು ಪೂರ್ಣ ಪ್ರಮಾಣದಲ್ಲಿ ನಡೆಸುವುದುಂಟು. ಕೊಳಚೆ ನೀರಿನ ಪ್ರಮಾಣಕ್ಕೆ ತಕ್ಕಂತೆ ಅವುಗಳ ವೇಗವನ್ನು ಹೊಂದಿಸುವ ಸಾಧನವನ್ನು ಅಳವಡಿಸಬಹುದಾಗಿದೆ. ಆದರೆ ಬಿಲ್ ಉಳಿಸಲೆಂದು ಘಟಕವನ್ನೇ ನಿಲ್ಲಿಸುವುದು ತಪ್ಪು ಲೆಕ್ಕ. ಗಾಳಿಯಿಲ್ಲದೆ ನಿಂತ ಕೊಳಚೆಯಿಂದ ದುರ್ವಾಸನೆಯೊಂದಿಗೆ ಮೀಥೇನ್ ಅನಿಲವೂ ಹೊರಬರುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಅದರ ತಾಪಕಾರಕ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು.

ನೆಲಮಾಳಿಗೆಯ ದೀಪಗಳು ಹಗಲಿರುಳೂ ಉರಿಯುವುದರಿಂದ, ಅಂದರೆ ವರ್ಷಕ್ಕೆ 8,760 ಗಂಟೆ, ಅಲ್ಲಿಯ ಸಣ್ಣ ಬದಲಾವಣೆಯೂ ದೊಡ್ಡದಾಗುತ್ತದೆ. ಚೋಕ್ ಸೇರಿ 50 ವ್ಯಾಟ್ ಎಳೆಯುವ ಹಳೆಯ ಟ್ಯೂಬ್‌ಲೈಟ್ ವರ್ಷಕ್ಕೆ ಸುಮಾರು 440 ಯೂನಿಟ್ ಬಳಸಿದರೆ, 20 ವ್ಯಾಟ್‌ನ ಎಲ್‌ಇಡಿ ದೀಪವು 175 ಯೂನಿಟ್ ಬಳಸುತ್ತದೆ. ಜನಸಂಚಾರವನ್ನು ಗುರುತಿಸಿ ಉರಿಯುವ ಸೆನ್ಸರ್‌ಗಳಿದ್ದರೆ ಇದೂ ಇಳಿಯುತ್ತದೆ.

ಡೀಸೆಲ್ ಜನರೇಟರ್ ಬಗ್ಗೆ ಒಂದು ಮಾತು ಅಗತ್ಯ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ 3ರಿಂದ 3.5 ಯೂನಿಟ್ ವಿದ್ಯುತ್ ದೊರೆಯುತ್ತದೆ. ಅಂದರೆ ಇಂಗಾಲದ ಲೆಕ್ಕದಲ್ಲಿ ಜಾಲದ ವಿದ್ಯುತ್ತಿಗೂ ಇದಕ್ಕೂ ಇರುವ ಅಂತರ ಜನರು ಎಣಿಸುವಷ್ಟು ದೊಡ್ಡದಲ್ಲ. ನಿಜವಾದ ಅಂತರವಿರುವುದು ಬೆಲೆಯಲ್ಲಿ ಮತ್ತು ಹೊಗೆಯಲ್ಲಿ. ಡೀಸೆಲ್ ಲೀಟರಿಗೆ 90 ರೂಪಾಯಿಯೆಂದು ಹಿಡಿದರೂ ಇಂಧನಕ್ಕೇ ಯೂನಿಟ್‌ಗೆ 26ರಿಂದ 30 ರೂಪಾಯಿ ತಗಲುತ್ತದೆ, ಮತ್ತು ಹೊಗೆಯು ಕೆಳ ಮಹಡಿಗಳ ಕಿಟಕಿಗಳನ್ನೇ ಮೊದಲು ತಲುಪುತ್ತದೆ. ಜನರೇಟರನ್ನು ಅದರ ಸಾಮರ್ಥ್ಯಕ್ಕಿಂತ ತೀರ ಕಡಿಮೆ ಹೊರೆಯಲ್ಲಿ ಓಡಿಸಿದಾಗ ಲೀಟರಿಗೆ ದೊರೆಯುವ ಯೂನಿಟ್ ಇನ್ನೂ ಕಡಿಮೆಯಾಗುವುದರಿಂದ, ಒಂದು ದೊಡ್ಡ ಯಂತ್ರಕ್ಕಿಂತ ಎರಡು ಸಣ್ಣ ಯಂತ್ರಗಳು ಅನೇಕ ಕಡೆ ಹೆಚ್ಚು ಅನುಕೂಲಕರ.

ಸಾಮಾನ್ಯ ಬಳಕೆಯನ್ನು ಹೀಗೆ ತಗ್ಗಿಸಿದ ನಂತರ ಮೇಲ್ಛಾವಣಿ ಸೌರ ಘಟಕದ ಗಾತ್ರವನ್ನು ನಿರ್ಧರಿಸುವುದು ಸೂಕ್ತ. ಒಂದು ಕಿಲೋವ್ಯಾಟ್ ಘಟಕಕ್ಕೆ ನೆರಳಿಲ್ಲದ ಸುಮಾರು 10 ಚದರ ಮೀಟರ್ ಸ್ಥಳ ಬೇಕು. ಅದರಿಂದ ದಿನಕ್ಕೆ ಸರಾಸರಿ 4 ಯೂನಿಟ್ ನಿರೀಕ್ಷಿಸಬಹುದು. ಇಪ್ಪತ್ತು, ಮೂವತ್ತು ಮಹಡಿಗಳ ಕಟ್ಟಡದಲ್ಲಿ ಮನೆಗಳು ಹೆಚ್ಚು, ಛಾವಣಿ ಚಿಕ್ಕದು. ಅಲ್ಲಿಯೂ ನೀರಿನ ತೊಟ್ಟಿ, ಲಿಫ್ಟ್ ಕೊಠಡಿ, ಸೌರ ಜಲತಾಪಕಗಳು ಜಾಗವನ್ನು ಹಂಚಿಕೊಂಡಿರುತ್ತವೆ. ಆದ್ದರಿಂದ ಎತ್ತರದ ಕಟ್ಟಡದ ಸೌರ ಘಟಕವು ಎಲ್ಲ ಮನೆಗಳಿಗೂ ವಿದ್ಯುತ್ ಒದಗಿಸುವುದೆಂಬ ಮಾರಾಟಗಾರರ ಭರವಸೆಯನ್ನು ಪರಿಶೀಲಿಸದೆ ಒಪ್ಪಬಾರದು. ಮೇಲಿನ ಉದಾಹರಣೆಯಲ್ಲಿ 100 ಕಿಲೋವ್ಯಾಟ್ ಘಟಕಕ್ಕೆ 1,000 ಚದರ ಮೀಟರ್ ಛಾವಣಿ ದೊರೆತರೆ ತಿಂಗಳಿಗೆ ಸುಮಾರು 12,000 ಯೂನಿಟ್, ಅಂದರೆ ಸಾಮಾನ್ಯ ಬಳಕೆಯ ಐದರಲ್ಲಿ ಎರಡು ಪಾಲು ಮಾತ್ರ ಪೂರೈಕೆಯಾಗುತ್ತದೆ.

2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯು 2026–27ರವರೆಗಿನ ಅವಧಿಗೆ ಮಂಜೂರಾಗಿದ್ದು, ನಿವಾಸಿಗಳ ಸಂಘಗಳಿಗೆ ಸಾಮಾನ್ಯ ಸೌಲಭ್ಯಗಳ ಸಲುವಾಗಿ ಕಿಲೋವ್ಯಾಟ್‌ಗೆ 18,000 ರೂಪಾಯಿಗಳ ಸಹಾಯಧನವನ್ನು ನಿಗದಿಪಡಿಸಿದೆ. ವಿದ್ಯುತ್ ವಾಹನಗಳ ಚಾರ್ಜಿಂಗ್ ಸಹ ಇದರಲ್ಲಿ ಸೇರುತ್ತದೆ. ಮನೆಯೊಂದಕ್ಕೆ 3 ಕಿಲೋವ್ಯಾಟ್‌ನಂತೆ ಗರಿಷ್ಠ 500 ಕಿಲೋವ್ಯಾಟ್‌ವರೆಗೆ ಇದು ಅನ್ವಯಿಸುತ್ತದೆ. ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಸಲ್ಲಿಸಬೇಕಾಗಿದ್ದು, ಫಲಕಗಳು ದೇಶದಲ್ಲಿಯೇ ತಯಾರಾದವುಗಳಾಗಿರಬೇಕು. ಛಾವಣಿಯು ಎಲ್ಲ ನಿವಾಸಿಗಳ ಸಾಮಾನ್ಯ ಸ್ವತ್ತಾಗಿರುವಲ್ಲಿ, ಹಣ ಪಾವತಿಗೆ ಮುನ್ನವೇ ಸರ್ವಸದಸ್ಯರ ಸಭೆಯ ಒಪ್ಪಿಗೆ ಪಡೆದಿರುವುದು ನಂತರದ ವ್ಯಾಜ್ಯಗಳನ್ನು ತಪ್ಪಿಸುತ್ತದೆ.

ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೌರ ಘಟಕವು ವಿದ್ಯುತ್ ಕಡಿತವಾದ ಕೂಡಲೇ, ಮಾರ್ಗದಲ್ಲಿ ಕೆಲಸ ಮಾಡುವ ಸಿಬ್ಬಂದಿಯ ಸುರಕ್ಷತೆಗಾಗಿ, ತಾನಾಗಿಯೇ ನಿಲ್ಲುತ್ತದೆ. ಇದನ್ನು ಜನರೇಟರ್‌ಗೆ ಬದಲಿಯೆಂದು ತಿಳಿದು ಹಣ ಹೂಡಿದ ನಂತರ ನಿರಾಶೆಯಾಗಬಾರದು. 10 ಕಿಲೋವ್ಯಾಟ್‌ಗಿಂತ ಹೆಚ್ಚಿನ ಘಟಕಗಳಿಗೆ ವಿದ್ಯುತ್ ಕಂಪನಿಯು ತಾಂತ್ರಿಕ ಸಾಧ್ಯತೆಯ ಪರಿಶೀಲನೆಯನ್ನು 15 ದಿನಗಳೊಳಗೆ ಮುಗಿಸತಕ್ಕದ್ದು; ಆ ಅವಧಿ ಮೀರಿದಲ್ಲಿ ಒಪ್ಪಿಗೆ ದೊರೆತಂತೆಯೇ ಪರಿಗಣಿಸಲು 2024ರ ತಿದ್ದುಪಡಿಯಲ್ಲಿ ಅವಕಾಶವಿದೆ. ಆದುದರಿಂದ ಅರ್ಜಿ ಸಲ್ಲಿಸಿದ ದಿನಾಂಕವಿರುವ ಸ್ವೀಕೃತಿಯನ್ನು ಸಂಘವು ಕಾಯ್ದಿರಿಸಿಕೊಳ್ಳಬೇಕು.