ಜತ್ತ ಸೀಮೆಯ ಕನ್ನಡ ಶಾಲೆ: ಗುರುಜಿಗೆ ಏಪ್ರಿಲ್‌ನಲ್ಲಿ ಬಿಡುವಿಲ್ಲ

ಮುಂಬಯಿ, ಪುಣೆಯ ಕನ್ನಡ ಸಂಘಗಳ ವೇದಿಕೆಯಲ್ಲಿ ಗಡಿನಾಡ ಕನ್ನಡ ಶಾಲೆಗಳ ಮಾತು ಹೆಚ್ಚಾಗಿ ಬರುವುದು ನವೆಂಬರ್ ತಿಂಗಳಲ್ಲಿ. ಆದರೆ ಆ ಶಾಲೆಗಳ ಅಳಿವು-ಉಳಿವಿನ ಲೆಕ್ಕ ನಡೆಯುವುದು ಮಾರ್ಚ್-ಏಪ್ರಿಲ್‌ನಲ್ಲಿ. ಆಗ ಅಲ್ಲಿ ಹಾರ-ತುರಾಯಿ ಇರುವುದಿಲ್ಲ, ಭಾಷಣವೂ ಇಲ್ಲ. ಇರುವುದು ಒಬ್ಬರೋ ಇಬ್ಬರೋ ಮಾಸ್ತರರು, ಕಪಾಟಿನ ತುಂಬ ರಿಜಿಸ್ಟರುಗಳು ಮತ್ತು ನೆತ್ತಿಯ ಮೇಲಿನ ಬಿಸಿಲು.

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು ಮಹಾರಾಷ್ಟ್ರದಲ್ಲಿದ್ದರೂ ಅದರ ಪೂರ್ವಭಾಗದ ಉಮದಿ, ಸಂಖ ಸುತ್ತಮುತ್ತ ಮನೆಮಾತು ಕನ್ನಡವೇ. ಗುರುದೇವ ರಾನಡೆಯವರ ಗುರುಗಳಾದ ಭಾವೂಸಾಹೇಬ ಮಹಾರಾಜರ ಉಮದಿ ಎಂದರೆ ಹಲವರಿಗೆ ಗುರುತು ಸಿಕ್ಕೀತು. ಇಲ್ಲಿ ಜಿಲ್ಲಾ ಪರಿಷತ್ತು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳನ್ನು ನಡೆಸುತ್ತದೆ. ಪಠ್ಯಪುಸ್ತಕ ಪುಣೆಯ ಬಾಲಭಾರತಿಯದು. ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳ ಕೈಯಲ್ಲಿರುವುದೂ ಅದೇ. ಊರಿನಿಂದ ದೂರ, ಹೊಲಗಳ ನಡುವೆ ನಾಲ್ಕೈದು ಮನೆ ಸೇರಿದರೆ ಅದೊಂದು ವಸ್ತಿ. ಇಂಥ ಕೆಲವು ವಸ್ತಿಗಳ ಮಕ್ಕಳಿಗೆಲ್ಲ ಸೇರಿ ಎರಡು ಕೋಣೆಯ ಶಾಲೆ. ಅಲ್ಲಿ ಒಂದರಿಂದ ನಾಲ್ಕನೆಯ ಇಯತ್ತೆಯವರೆಗೆ ಕಲಿಸುವವರನ್ನು ಮಕ್ಕಳು 'ಗುರುಜಿ' ಎನ್ನುತ್ತಾರೆ. ಕನ್ನಡ ಶಾಲೆಯಾದರೂ ಕರೆಯುವ ರೀತಿ ಮಾತ್ರ ಮರಾಠಿಯದು.

ಗುರುಜಿಯ ವರ್ಷಾಂತ್ಯದ ಕೆಲಸ ಶುರುವಾಗುವುದು ಕಬ್ಬಿನಿಂದ. ಜತ್ತ ಮಳೆಯಿಲ್ಲದ ಸೀಮೆ. ದೀಪಾವಳಿಯ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳ ಹಂಗಾಮು ಆರಂಭವಾಯಿತೆಂದರೆ ಮುಕಾದಮನಿಂದ ಮುಂಗಡ ಹಣ ಪಡೆದ ಕುಟುಂಬಗಳು ಕೃಷ್ಣಾ, ವಾರಣಾ, ಪಂಚಗಂಗಾ ತೀರದ ಕಬ್ಬಿನ ಫಡಗಳಿಗೆ ಹೊರಡುತ್ತವೆ. ಗಂಡ-ಹೆಂಡತಿ ಜೋಡಿಗೆ ಅಲ್ಲಿ ಒಂದು 'ಕೊಯತಾ' ಎಂದು ಲೆಕ್ಕ. ಕೊಯತಾ ಎಂದರೆ ಕಬ್ಬು ಕಡಿಯುವ ಕತ್ತಿ. ಮನುಷ್ಯರನ್ನು ಆಯುಧದ ಹೆಸರಿನಲ್ಲಿ ಎಣಿಸುವ ಈ ಲೆಕ್ಕದಲ್ಲಿ ಮಕ್ಕಳಿಗೆ ಜಾಗವೇ ಇಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಮಗು ಊರಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಅದೂ ಚಕ್ಕಡಿ ಏರುತ್ತದೆ.

ಹಂಗಾಮು ಮುಗಿದು ಇವರು ಮರಳುವುದು ಮಾರ್ಚ್-ಏಪ್ರಿಲ್‌ನಲ್ಲಿ, ಅಂದರೆ ಸರಿಯಾಗಿ ಪರೀಕ್ಷೆಯ ಮುಂದೆ. ಅಕ್ಟೋಬರಿನಲ್ಲಿ ಮಗ್ಗಿ ಹೇಳುತ್ತಿದ್ದ ಹುಡುಗ ಏಪ್ರಿಲ್‌ನಲ್ಲಿ ಬಂದು ಕಾಗುಣಿತದಲ್ಲಿ ತಡವರಿಸುತ್ತಾನೆ. ಹೆಸರು ಹಾಜರಿ ಪುಸ್ತಕದಲ್ಲಿದೆ, ತೆಗೆದುಹಾಕುವಂತಿಲ್ಲ, ತೆಗೆಯಲೂಬಾರದು. ಆದರೆ ಐದು ತಿಂಗಳ ಪಾಠವನ್ನು ಮೂರು ವಾರದಲ್ಲಿ ತುಂಬಿಸುವುದು ಹೇಗೆ? ಬೇಸಿಗೆಯಲ್ಲಿ ಬೆಳಗಿನ ಶಾಲೆ. ಹನ್ನೊಂದರ ಸುಮಾರಿಗೆ ಉಳಿದವರು ಮನೆಗೆ ಹೋದ ಮೇಲೆ ಇಂಥ ನಾಲ್ಕೈದು ಮಕ್ಕಳನ್ನು ಕೂಡಿಸಿಕೊಂಡು ಗುರುಜಿ ಮತ್ತೆ 'ಅ, ಆ'ದಿಂದ ಹಿಡಿಯುತ್ತಾರೆ. ಈ ಕೆಲಸಕ್ಕೆ ಯಾವ ತಖ್ತೆಯಲ್ಲೂ ಕಾಲಂ ಇಲ್ಲ.

ತಖ್ತೆಗಳಿಗೇನೂ ಕೊರತೆಯಿಲ್ಲ. ಮಾರ್ಚ್ 31ರ ಗಡಿಬಿಡಿ ಬ್ಯಾಂಕಿನವರಿಗೆ ಮಾತ್ರ ಎಂದುಕೊಂಡವರು ಒಮ್ಮೆ ಇಂಥ ಶಾಲೆಯ ಕಿರ್ದಿಯನ್ನು ನೋಡಬೇಕು. ಬ್ಯಾಂಕಿನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಾಳೆ ನೋಡುತ್ತಾರೆ. ಇಲ್ಲಿ ಎರಡನ್ನೂ ಮಾಡುವವರು ಒಬ್ಬರೇ. ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನದ ಬಿಲ್ಲುಗಳು, ಖರ್ಚಿನ ಪ್ರಮಾಣಪತ್ರ, ಮಧ್ಯಾಹ್ನದ ಊಟದ ಅಕ್ಕಿಯ ಶಿಲ್ಕು ಎಲ್ಲ ಹೊಂದಬೇಕು. ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಧಾನ್ಯದಂತೆ ವರ್ಷದ ಲೆಕ್ಕ. ಇಲಿ ತಿಂದದ್ದನ್ನು ಯಾವ ಖಾತೆಗೆ ಹಾಕುವುದೆಂದು ಯಾವ ಸುತ್ತೋಲೆಯೂ ಹೇಳುವುದಿಲ್ಲ! ಸುತ್ತೋಲೆಗಳೆಲ್ಲ ಮರಾಠಿಯಲ್ಲಿ ಬರುತ್ತವೆ. ಅವನ್ನು ಓದಿಕೊಂಡು ಪಾಲಕರ ಸಭೆಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಗುರುಜಿಗೆ ಎರಡೂ ಭಾಷೆ ಚೆನ್ನಾಗಿ ಬಂದರೆ ಮಾತ್ರ ಇದು ಸಾಧ್ಯ. 2024ರಲ್ಲಿ ಜತ್ತ ಭಾಗದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಆಕ್ಷೇಪ ಎದ್ದುದು ಸುಮ್ಮನೆ ಅಲ್ಲ.

ಇನ್ನು ಪರೀಕ್ಷೆ. 2025ರಲ್ಲಿ ಮಹಾರಾಷ್ಟ್ರದ ಶಾಲೆಗಳ ವಾರ್ಷಿಕ ಪರೀಕ್ಷೆಗಳಿಗೆ ಏಪ್ರಿಲ್ 8ರಿಂದ 25ರವರೆಗೆ ಒಂದೇ ವೇಳಾಪಟ್ಟಿ ಬಂತು. ಫಲಿತಾಂಶ ಎಂದಿನಂತೆ ಮೇ 1ಕ್ಕೆ. ಉತ್ತರಪತ್ರಿಕೆ ತಿದ್ದಿ, ಪ್ರಗತಿ ಪುಸ್ತಕ ಬರೆದು, ಅಂಕಗಳನ್ನು ತುಂಬಲು ನಡುವೆ ಉಳಿದದ್ದು ಐದು ದಿನ. ಅತ್ತ ಗಡಿಯಾಚೆ ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್ 10ಕ್ಕೇ ಫಲಿತಾಂಶ ಕೊಟ್ಟು ಶಾಲೆ ಬಿಡುವುದು ರೂಢಿ. ಅಲ್ಲಿಯ ಸೋದರಮಾವನ ಮಕ್ಕಳು ರಜೆಗೆಂದು ಇಲ್ಲಿಗೆ ಬಂದು ಶಾಲೆಯ ಕಿಟಕಿಯಲ್ಲಿ ಇಣುಕುವಾಗ ಇಲ್ಲಿಯ ಮಕ್ಕಳು ಗಣಿತದ ಪೇಪರು ಬರೆಯುತ್ತಿರುತ್ತಾರೆ.

ಇಷ್ಟರ ನಡುವೆ ಗುರುಜಿ ಮನೆಮನೆ ತಿರುಗಬೇಕು. 'ಗುಢಿಪಾಡವಾ, ಪಟ ವಾಢವಾ' ಎಂಬುದು ಮಹಾರಾಷ್ಟ್ರದ ಶಾಲೆಗಳಲ್ಲಿ ಕೇಳಿಬರುವ ಘೋಷಣೆ. ಪಾಡ್ಯದ ದಿನ ಹೊಸ ಮಕ್ಕಳ ಹೆಸರು ಬರೆಯಿಸಿಕೊಂಡು ಪಟಸಂಖ್ಯೆ ಹೆಚ್ಚಿಸಿರಿ ಎಂದರ್ಥ. ಕನ್ನಡದ ಮನೆಗಳಲ್ಲಿ ಅದೇ ದಿನ ಯುಗಾದಿ. ಬೇವು-ಬೆಲ್ಲ ಮುಗಿಸಿ ಗುರುಜಿ ಮೋಟಾರ್ ಸೈಕಲ್ ಹತ್ತುತ್ತಾರೆ. ಆರು ವರ್ಷಕ್ಕೆ ಬಂದ ಮಗು ಯಾವ ಮನೆಯಲ್ಲಿದೆ ಎಂಬುದು ಅವರಿಗೆ ಅಂಗನವಾಡಿ ಸೇವಿಕೆಯಷ್ಟೇ ಚೆನ್ನಾಗಿ ಗೊತ್ತು. ಆದರೆ ಅದೇ ಮನೆಗೆ ಹತ್ತಿರದ ಊರಿನ ಇಂಗ್ಲಿಷ್ ಮಾಧ್ಯಮದ ಶಾಲೆಯವರೂ ಬಂದು ಹೋಗಿರುತ್ತಾರೆ. ಅವರದು ಹಳದಿ ಬಸ್ಸು, ಗುರುಜಿಯದು ಹಳೆಯ ಮೋಟಾರ್ ಸೈಕಲ್ಲು.

ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದರವರೆಗಿನ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಆದರೆ ಪಟ ತೀರಾ ಇಳಿದ ಶಾಲೆಯ ನೆಮ್ಮದಿ ಉಳಿಯುವುದಿಲ್ಲ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳ ಬಾಗಿಲು ಮುಚ್ಚಿದ್ದನ್ನು ಕಣ್ಣಾರೆ ಕಂಡ ನಮ್ಮ ಓದುಗರಿಗೆ ಪಟಸಂಖ್ಯೆ ಎಂದರೇನೆಂದು ವಿವರಿಸಬೇಕಾಗಿಲ್ಲ.

ವಸ್ತಿಯ ಪಾಲಕರು ಕೇಳುವ ಪ್ರಶ್ನೆ ಮಾತ್ರ ಸುಲಭದ್ದಲ್ಲ: "ಕನ್ನಡ ಸಾಳಿ ಕಲ್ತರ ಮುಂದೇನ್ರಿ ಗುರುಜಿ?" ಇದು ಕನ್ನಡದ ಮೇಲಿನ ತಾತ್ಸಾರವಲ್ಲ, ಹೊಟ್ಟೆಪಾಡಿನ ಪ್ರಶ್ನೆ. ನೌಕರಿಯ ಅರ್ಜಿ, ತಹಸೀಲ ಕಚೇರಿಯ ಕೆಲಸ ಎಲ್ಲ ಮರಾಠಿಯಲ್ಲೇ ಇರುವಾಗ ತಾಯಿನುಡಿಯಲ್ಲಿ ಕಲಿತರೆ ಬುದ್ಧಿ ಬೆಳೆಯುತ್ತದೆ ಎಂಬ ಉತ್ತರ ಸಾಲದು. ತಾಯಿನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350 'ಎ' ವಿಧಿ ಹೇಳುತ್ತದೆ, ನಿಜ. ಕಬ್ಬು ಕಡಿದು ನಿನ್ನೆ ಮರಳಿದವರ ಮುಂದೆ ವಿಧಿಯ ನಂಬರು ಹೇಳಲಾದೀತೇ? ಹಾಗಾಗಿ ಗುರುಜಿ ಮರಾಠಿಯನ್ನೂ ಚೆನ್ನಾಗಿ ಕಲಿಸುತ್ತೇನೆ ಎಂದು ಮಾತು ಕೊಡುತ್ತಾರೆ. ಕೊಟ್ಟ ಮೇಲೆ ಕಲಿಸಬೇಕಾಗುತ್ತದೆ.

ಇನ್ನೊಂದು ಉತ್ತರವೂ ಇದೆ, ಅದು ಹಲವು ಪಾಲಕರಿಗೆ ತಿಳಿದಿಲ್ಲ. ಕರ್ನಾಟಕದ ಸಿಇಟಿಯಲ್ಲಿ 'ಹೊರನಾಡ ಕನ್ನಡಿಗ' ಎಂಬ ವರ್ಗ ಇರುವುದು ಮುಂಬಯಿಯ ಪಾಲಕರಿಗೆ ಗೊತ್ತು. ಅದರ ಜೊತೆಗೇ 'ಗಡಿನಾಡ ಕನ್ನಡಿಗ' ಎಂಬ ವರ್ಗವೂ ಇದೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳ ಹೆಸರು ಅದರಲ್ಲಿವೆ. ಅದಕ್ಕೆ ಶಾಲೆಯ ದಾಖಲೆ ಬೇಕು, ಕನ್ನಡದ ಪರೀಕ್ಷೆಯನ್ನೂ ಬರೆಯಬೇಕು. ನೋಟ್‌ಬುಕ್ ಹಂಚಲು ಆಗಸ್ಟಿನಲ್ಲಿ ಗಡಿಭಾಗಕ್ಕೆ ಹೋಗುವ ನಮ್ಮ ಸಂಘದವರು ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ ಹೋಗಿ, ಪಾಲಕರ ಸಭೆಯಲ್ಲಿ ಕೂತು ಈ ವಿಷಯವನ್ನು ತಿಳಿಸಿದರೆ ಅದರ ಬೆಲೆ ನೋಟ್‌ಬುಕ್ಕಿಗಿಂತ ಹೆಚ್ಚು. ಮಗು ಮುಂದೆ ಯಾವ ಶಾಲೆಗೆ ಎಂಬುದು ಆಗಸ್ಟಿನ ಹೊತ್ತಿಗೆ ತೀರ್ಮಾನವಾಗಿ ಹೋಗಿರುತ್ತದೆ.

ಮೇ 1, ಮಹಾರಾಷ್ಟ್ರ ದಿನ. ಬೆಳಿಗ್ಗೆ ಧ್ವಜಾರೋಹಣ, ಆಮೇಲೆ ಪ್ರಗತಿ ಪುಸ್ತಕ. ನಾಲ್ಕನೆಯದು ಮುಗಿಸಿ ಬೇರೆ ಶಾಲೆಗೆ ಹೋಗುವವರಿಗೆ ಶಾಲೆ ಬಿಟ್ಟ ದಾಖಲೆ, ಅಂದರೆ ಎಲ್‌ಸಿ ಬೇಕು. ಹೆಸರು, ತಾಯಿಯ ಹೆಸರು, ಜನ್ಮದಿನಾಂಕ, ಜಾತಿ ಎಲ್ಲವನ್ನೂ ಜನರಲ್ ರಿಜಿಸ್ಟರಿನೊಡನೆ ತಾಳೆ ನೋಡಿ ಬರೆಯಬೇಕು. ಒಂದಕ್ಷರ ತಪ್ಪಿದರೆ ಮುಂದೆ ಇಪ್ಪತ್ತು ವರ್ಷ ಆ ಮಗು ಅಫಿಡವಿಟ್ ಮಾಡಿಸುತ್ತ ಅಲೆಯಬೇಕಾದೀತು. ಅದರಲ್ಲಿ ಮಾತೃಭಾಷೆ ಎಂಬ ಒಂದು ಕಾಲಂ ಇದೆ. ಹೆಬ್ಬೆಟ್ಟು ಒತ್ತಿ ಕಾಗದ ಪಡೆಯುವ ಅಪ್ಪ ಅದನ್ನು ಓದಲಾರ. ಗುರುಜಿ ಅಲ್ಲಿ 'ಕನ್ನಡ' ಎಂದು ಬರೆದು, ಬೆರಳಿಟ್ಟು ತೋರಿಸಿ, ಈ ಕಾಗದವನ್ನು ಮಳೆ-ಇಲಿಗೆ ಸಿಗದಂತೆ ಟ್ರಂಕಿನಲ್ಲಿ ಇಡಲು ಹೇಳುತ್ತಾರೆ. ಆಮೇಲೆ ಮುಂದಿನ ಹುಡುಗನ ಹೆಸರು ಕರೆಯುತ್ತಾರೆ.