ಚೌಕಾಬಾರವೂ ಸಂಭವನೀಯತೆಯೂ

ಕುಳಿತು ಆಡುವ ಆಟಗಳ ಸಲುವಾಗಿಯೇ ಸಾವಿರಾರು ಜನರು ಒಂದೂರಿನಲ್ಲಿ ನೆರೆಯುತ್ತಾರೆಂದರೆ ವಾಚಕರಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ 1968ರಲ್ಲಿ ಮೊದಲಾದ ‘ಜೆನ್ ಕಾನ್’ ಎಂಬ ಆಟಗಾರರ ಸಮ್ಮೇಳನವು ಊರು ಬದಲಿಸಿಕೊಂಡು ಇಂದಿಗೂ ನಡೆಯುತ್ತಿದೆ. ಜರ್ಮನಿಯ ಎಸ್ಸೆನ್ ನಗರದಲ್ಲಿ 1983ರಿಂದ ನಡೆದುಬಂದಿರುವ ಆಟಗಳ ಮೇಳಕ್ಕೆ ಈಚಿನ ವರ್ಷಗಳಲ್ಲಿ ಸುಮಾರು 2 ಲಕ್ಷ ಜನರು ಬರುತ್ತಾರೆ. ನಮ್ಮ ನಾಡಿನಲ್ಲಿಯೂ ಇಂಥದು ಇಲ್ಲದಿಲ್ಲ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 2007ರಿಂದೀಚೆಗೆ ಹಲವು ಬಾರಿ ಏರ್ಪಡಿಸಿರುವ ‘ಕ್ರೀಡಾ ಕೌಶಲ್ಯ’ ಪ್ರದರ್ಶನದಲ್ಲಿ ಪಗಡೆ, ಚದುರಂಗ, ಅಳಗುಳಿಮಣೆ, ಆಡು-ಹುಲಿ, ಚೌಕಾಬಾರ ಮೊದಲಾದ ಆಟಗಳ ಹಾಸು, ಮಣೆ, ಕಾಯಿಗಳನ್ನು ಕಾಣಬಹುದು.

ಮೈಸೂರು ಬೀದರಿಗೆ ಬಲು ದೂರ. ಆದುದರಿಂದ ಕಳೆದ ಬೇಸಗೆಯ ರಜೆಯಲ್ಲಿ ನಾವು ಬಂಧುಮಿತ್ರರು ಕೂಡಿ ಬೀದರ್ ನಗರದ ಮನೆಯೊಂದರಲ್ಲಿಯೇ ಎರಡು ದಿನಗಳ ಆಟದ ಮೇಳವನ್ನು ನಡೆಸಿದೆವು. ಭಾಲ್ಕಿಯ ಸ್ನೇಹಿತರು ರೈಲಿನಲ್ಲಿಯೂ ಔರಾದಿನ ಬಂಧುಗಳು ಬಸ್ಸಿನಲ್ಲಿಯೂ ಮಕ್ಕಳುಮರಿಗಳೊಡನೆ ಬಂದಿಳಿದರು. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ನಾಲ್ಕು ಪಟಗಳನ್ನು ಬರೆದದ್ದಾಯಿತು. ಗಡಿಯ ಜಿಲ್ಲೆಯಾದ್ದರಿಂದ ಆಟ ಒಂದೇ ಆದರೂ ಹೆಸರು ಮೂರು. ನಾವು ಚೌಕಾಬಾರವೆಂದದ್ದನ್ನು ಮರಾಠಿ ಮಾತಿನವರು ‘ಚಲ್ಲಸ್ ಆಠ್’ ಎಂದರು, ತೆಲುಗು ಬಲ್ಲವರು ‘ಅಷ್ಟಾ ಚಮ್ಮಾ’ ಎಂದರು. ‘ಬಾರಾ ಎಂದರೆ ಹನ್ನೆರಡಲ್ಲವೆ, ಇಲ್ಲೇಕೆ ಎಂಟು?’ ಎಂದು ಒಬ್ಬ ಹುಡುಗ ಕೇಳಿದ್ದಕ್ಕೆ ಹಿರಿಯರು ಯಾರೂ ತೃಪ್ತಿಕರವಾದ ಉತ್ತರ ಕೊಡಲಿಲ್ಲ.

ಈ ಆಟಗಳು ನಮ್ಮ ಜಿಲ್ಲೆಗೆ ಹೊಸತಲ್ಲವೆಂಬುದಕ್ಕೆ ಬರಹದ ಸಾಕ್ಷ್ಯವೂ ಉಂಟು. ಇಂದಿನ ಬಸವಕಲ್ಯಾಣವೇ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. ಅಲ್ಲಿ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅದರ ಕೊನೆಯ ಭಾಗದಲ್ಲಿ ಚತುರಂಗ, ಪಾಶಕ ಎಂದರೆ ದಾಳದ ಆಟ, ವರಾಟಿಕಾ ಎಂದರೆ ಕವಡೆಯ ಆಟ ಇವುಗಳಿಗೆ ಬೇರೆಬೇರೆ ಅಧ್ಯಾಯಗಳೇ ಮೀಸಲಾಗಿವೆ. ರಾಜ್ಯಭಾರ, ಆನೆ, ಅಡುಗೆ, ಸಂಗೀತಗಳ ಸಾಲಿನಲ್ಲಿ ಅರಸನೊಬ್ಬನು ಕವಡೆಗೂ ಸ್ಥಾನ ಕೊಟ್ಟನೆಂದ ಮೇಲೆ ವಿಜ್ಞಾನದ ಪತ್ರಿಕೆಯೊಂದು ಕೊಡುವುದರಲ್ಲಿ ತಪ್ಪೇನೂ ಇರಲಾರದು.

ಮೇಳದ ಮೊದಲ ದಿನವೇ ಒಂದು ತಕರಾರು ಹುಟ್ಟಿತು. ಪೇಟೆಯಿಂದ ತಂದ ಹೊಸ ಕವಡೆಗಳನ್ನು ಔರಾದಿನ ಆಯಿ ಅಂಗೈಯಲ್ಲಿ ಒಮ್ಮೆ ಕುಲುಕಿ ನೋಡಿ, ‘ಇವು ಬ್ಯಾಡ್ರಿ, ಇವು ಬರೇ ಡಬ್ಬ ಬೀಳ್ತಾವ’ ಎಂದು ಬದಿಗಿಟ್ಟುಬಿಟ್ಟರು. ಆಕೆ ಸೆರಗಿನ ಗಂಟಿನಿಂದ ತೆಗೆದದ್ದು ಹುಣಸೆ ಬೀಜಗಳನ್ನು. ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಬೀಜಗಳು. ಸಮುದ್ರದಿಂದ ಬಹುದೂರವಿರುವ ಈ ಸೀಮೆಯಲ್ಲಿ ಮಾಲ್ದೀವಿನ ಕಡಲಿನ ಕವಡೆಗಿಂತ ಹಿತ್ತಲಿನ ಹುಣಸೆಯೇ ಸುಲಭವಲ್ಲವೆ! ಮಕ್ಕಳು ಮಾತ್ರ ಒಪ್ಪಲಿಲ್ಲ. ‘ಆಯಿ, ನೀ ಗೆಲ್ಲಾಕ ಹಿಂಗ ಮಾಡ್ತಿ’ ಎಂಬ ಆಪಾದನೆಯೂ ಕೇಳಿಬಂತು. ಆಯಿಯ ಮಾತಿನಲ್ಲಿ ನಿಜವೆಷ್ಟು? ನಾಲ್ಕು ಕವಡೆಗಳು ಹೇಗೆ ಬೀಳಬೇಕು, ಹೇಗೆ ಬೀಳುತ್ತವೆ?

ಮೊದಲು ‘ಹೇಗೆ ಬೀಳಬೇಕು’ ಎಂಬುದನ್ನು ನೋಡೋಣ. ಪ್ರತಿಯೊಂದು ಕವಡೆಯೂ ಬಾಯಿ ಮೇಲಾಗಿ ಅಂಗಾತ ಬೀಳಬಹುದು, ಇಲ್ಲವೆ ಬೋರಲಾಗಿ ಬೀಳಬಹುದು. ಎರಡಕ್ಕೂ ಸಮಾನ ಅವಕಾಶವಿದೆಯೆಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಆಗ ನಾಲ್ಕು ಕವಡೆಗಳು ಬೀಳುವ ರೀತಿಗಳು ಒಟ್ಟು 16. ನಾಲ್ಕಕ್ಷರದ ಪಾದದಲ್ಲಿ ಲಘು-ಗುರುಗಳನ್ನು ಹದಿನಾರು ಬಗೆಯಲ್ಲಿ ಜೋಡಿಸಬಹುದೆಂದು ಛಂದಸ್ಸನ್ನು ಓದಿದವರು ಬಲ್ಲರಷ್ಟೆ, ಇದೂ ಅದೇ ಲೆಕ್ಕ. ಇವುಗಳಲ್ಲಿ ಒಂದೇ ಕವಡೆ ಅಂಗಾತವಾಗುವ ರೀತಿ 4, ಎರಡು ಅಂಗಾತವಾಗುವ ರೀತಿ 6, ಮೂರಕ್ಕೆ 4, ನಾಲ್ಕಕ್ಕೂ 1, ಯಾವುದೂ ಅಂಗಾತವಾಗದಿರುವ ರೀತಿ 1. ಇಂಥ ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು ಒಂಬತ್ತನೆಯ ಶತಮಾನದಲ್ಲಿಯೇ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾನೆ. ಆದರೆ ಎಣಿಕೆಯಿಂದ ಮುಂದಕ್ಕೆ ಹೋಗಿ, ಆಟದ ಪಣವನ್ನು ನ್ಯಾಯವಾಗಿ ಹಂಚುವ ಪ್ರಶ್ನೆಯನ್ನು ಹಿಡಿದು ಪಾಸ್ಕಲ್ ಮತ್ತು ಫೆರ್ಮಾ ಎಂಬ ಫ್ರೆಂಚ್ ವಿದ್ವಾಂಸರು ಪತ್ರ ಬರೆದುಕೊಂಡದ್ದು 1654ರಲ್ಲಿ. ಸಂಭವನೀಯತೆಯ ಗಣಿತಕ್ಕೆ ನಿಜವಾದ ಪ್ರಾರಂಭವೆಂದು ಸಾಮಾನ್ಯವಾಗಿ ಹೇಳುವುದು ಆ ಪತ್ರಗಳನ್ನೇ.

ಚೌಕಾಬಾರದಲ್ಲಿ ಒಂದರಿಂದ ಮೂರರವರೆಗೆ ಅಂಗಾತ ಬಿದ್ದಷ್ಟೇ ಗರ. ನಾಲ್ಕೂ ಅಂಗಾತವಾದರೆ ‘ಚೌಕ’, ನಾಲ್ಕು ಮನೆ. ನಾಲ್ಕೂ ಬೋರಲಾದರೆ ‘ಬಾರಾ’, ಎಂಟು ಮನೆ. ಈ ಎರಡಕ್ಕೂ ಮತ್ತೊಮ್ಮೆ ಎಸೆಯುವ ಹಕ್ಕುಂಟು. ಮೇಲಿನ ಎಣಿಕೆಯಂತೆ 16 ಎಸೆತಗಳಿಗೆ ಸರಾಸರಿ 40 ಮನೆ, ಎಂದರೆ ಎಸೆತವೊಂದಕ್ಕೆ ಎರಡೂವರೆ ಮನೆ ದೊರೆಯುತ್ತದೆ. ಮರು ಎಸೆತಗಳನ್ನೂ ಸೇರಿಸಿದರೆ ಒಂದು ಸರದಿಗೆ ಸುಮಾರು 2.86 ಮನೆ. ಇಪ್ಪತ್ತೈದು ಮನೆಗಳ ಪಟದಲ್ಲಿ ಹೊರಸುತ್ತಿನ ತನ್ನ ಕಟ್ಟೆಯಿಂದ ಹೊರಟ ಕಾಯಿ ಒಳಸುತ್ತನ್ನೂ ಮುಗಿಸಿ ನಡುಮನೆಯಲ್ಲಿ ಹಣ್ಣಾಗಲು 24 ಮನೆ ನಡೆಯಬೇಕು. ನಾಲ್ಕು ಕಾಯಿಗೆ 96. ಯಾರೂ ಹೊಡೆಯದೆ ಬಿಟ್ಟರೂ ಒಬ್ಬೊಬ್ಬನಿಗೂ 34 ಸರದಿಗಳಾದರೂ ಬೇಕು. ನಾಲ್ವರಿಗೆ 130ಕ್ಕೂ ಹೆಚ್ಚು. ಊಟವಾದ ಮೇಲೆ ಕುಳಿತ ಆಟ ಸಂಜೆಯ ಚಹದವರೆಗೆ ಏಕೆ ಎಳೆಯುತ್ತದೆಂಬುದು ಇದರಿಂದ ತಿಳಿಯುತ್ತದೆ.

ಇದೆಲ್ಲವೂ ಕವಡೆ ನಿಷ್ಪಕ್ಷಪಾತಿ ಎಂದುಕೊಂಡು ಮಾಡಿದ ಲೆಕ್ಕ. ನಾಣ್ಯಕ್ಕೆ ಎರಡು ಮಗ್ಗುಲೂ ಒಂದೇ ಬಗೆ, ಕವಡೆಗೆ ಹಾಗಲ್ಲ. ಅದರ ಬಾಯಿಯ ಕಡೆ ಬಹುಮಟ್ಟಿಗೆ ಚಪ್ಪಟೆ, ಬೆನ್ನು ಗುಬ್ಬು. ಸರಳತೆಗಾಗಿ ಅದನ್ನು ಒಂದು ಗಟ್ಟಿಯಾದ ಅರ್ಧಗೋಲವೆಂದು ಭಾವಿಸೋಣ. ಅರ್ಧಗೋಲದ ಗುರುತ್ವಕೇಂದ್ರವು ಚಪ್ಪಟೆಯ ಮುಖದಿಂದ ತ್ರಿಜ್ಯದ 3/8ರಷ್ಟು ಒಳಗಿರುತ್ತದೆ. ಬೋರಲಾಗಿ ಕುಳಿತಾಗ ಅದು ನೆಲದಿಂದ ತ್ರಿಜ್ಯದ 3/8ರಷ್ಟು ಎತ್ತರದಲ್ಲಿದ್ದರೆ, ಅಂಗಾತವಾಗಿ ಬೆನ್ನಿನ ಮೇಲೆ ನಿಂತಾಗ 5/8ರಷ್ಟು ಎತ್ತರದಲ್ಲಿರುತ್ತದೆ. ಗುರುತ್ವಕೇಂದ್ರ ತಗ್ಗಿನಲ್ಲಿದ್ದಷ್ಟೂ ವಸ್ತುವನ್ನು ಮಗುಚಲು ಹೆಚ್ಚು ಶಕ್ತಿ ಬೇಕು. ಎಸೆದ ಕವಡೆಯು ನೆಲಕ್ಕೆ ಬಡಿಬಡಿದು ತನ್ನ ಚಲನಶಕ್ತಿಯನ್ನು ಕಳೆದುಕೊಳ್ಳುತ್ತ ಬರುತ್ತದೆ. ಮಗುಚುವಷ್ಟು ಶಕ್ತಿ ಉಳಿಯದ ಕ್ಷಣದಲ್ಲಿ ಯಾವ ಹಳ್ಳದಲ್ಲಿದ್ದರೆ ಅಲ್ಲಿಯೇ ಅದರ ವಾಸ. ಎರಡು ಹಳ್ಳಗಳಲ್ಲಿ ಬೋರಲಿನ ಹಳ್ಳ ಆಳವಾದದ್ದು.

ನಿಜವಾದ ಕವಡೆ ಟೊಳ್ಳು. ಅದರ ಚಿಪ್ಪು ಒಂದೆಡೆ ದಪ್ಪ, ಒಂದೆಡೆ ತೆಳು. ಬೆನ್ನಿನ ಉಬ್ಬು ಕವಡೆಯಿಂದ ಕವಡೆಗೆ ಬೇರೆ. ಮೈಲಾರ ಮಲ್ಲಣ್ಣನ ಭಕ್ತರು ಧರಿಸುವ ಸರಗಳಲ್ಲಿರುವಂತೆ ಪೋಣಿಸಲು ಬೆನ್ನನ್ನು ಒಡೆದ ಕವಡೆಗಳಂತೂ ಅಂಗಾತವಾಗಿಯೂ ಭದ್ರವಾಗಿ ಕೂರುತ್ತವೆ. ನೆಲದ ಪ್ರಭಾವವೂ ಉಂಟು. ಶಹಾಬಾದ್ ಕಲ್ಲಿನ ಮೇಲೆ ಕವಡೆ ಹಲವು ಬಾರಿ ಪುಟಿದು ಹೊರಳುತ್ತದೆ. ಜಮಖಾನದ ಮೇಲೆ ಬೇಗನೆ ನಿಂತುಬಿಡುವುದರಿಂದ ಕೈಯಿಂದ ಹೊರಟ ಭಂಗಿಯ ಜಾಡು ಉಳಿಯುವ ಸಂಭವ ಹೆಚ್ಚು. ಆದುದರಿಂದ ‘ಕವಡೆ ಅಂಗಾತ ಬೀಳುವ ಸಂಭವನೀಯತೆ ಇಷ್ಟು’ ಎಂದು ಪುಸ್ತಕದಲ್ಲಿ ಬರೆದಿಡಲು ಬಾರದು. ಆಯಾ ಕವಡೆಯನ್ನು ಆಯಾ ನೆಲದ ಮೇಲೆ ಎಸೆದೇ ನೋಡಬೇಕು. ಭೌತವಿಜ್ಞಾನದಲ್ಲಿ ಪ್ರಯೋಗಕ್ಕೆ ಹಿರಿತನ ಬಂದದ್ದು ಇಂಥ ಕಾರಣಗಳಿಂದಲೇ.

ಇಲ್ಲಿ ಆಯಿಯ ಮಾತಿಗೆ ಬೆಲೆ ಬರುತ್ತದೆ. ಕವಡೆಯೊಂದು ಅಂಗಾತ ಬೀಳುವುದು ನೂರಕ್ಕೆ 50ರ ಬದಲು 45 ಬಾರಿ ಎಂದಿಟ್ಟುಕೊಳ್ಳಿ. ಇಷ್ಟು ಸಣ್ಣ ವ್ಯತ್ಯಾಸವನ್ನು ಒಂದು ಕವಡೆಯಲ್ಲಿ ಕಣ್ಣು ಗುರುತಿಸಲಾರದು. ಆದರೆ ಬಾರಾ ಬೀಳಲು ನಾಲ್ಕೂ ಬೋರಲಾಗಬೇಕು, ಚೌಕ ಬೀಳಲು ನಾಲ್ಕೂ ಅಂಗಾತವಾಗಬೇಕು. ಹೀಗಾಗಿ ಬಾರಾ ಮತ್ತು ಚೌಕಗಳ ಪ್ರಮಾಣವು 55/45 ಎಂಬ ಭಿನ್ನರಾಶಿಯ ನಾಲ್ಕನೆಯ ಘಾತಕ್ಕೆ ಸಮ. ಅದು ಸುಮಾರು 2.23. ಎಂದರೆ ಚೌಕಕ್ಕಿಂತ ಬಾರಾ ಎರಡು ಪಟ್ಟಿಗೂ ಮೀರಿ ಬೀಳುತ್ತದೆ! ಅಂಗಾತದ ಪ್ರಮಾಣ ನೂರಕ್ಕೆ 40 ಆದರೆ ಐದು ಪಟ್ಟು. ಕವಡೆಯ ಕಿರಿದಾದ ದೋಷವನ್ನು ಆಟವು ಭೂತಕನ್ನಡಿಯಂತೆ ಹಿಗ್ಗಿಸಿ ತೋರಿಸುತ್ತದೆ. ಅರವತ್ತು ವರ್ಷ ಆಡಿದ ಮುದುಕಿಯ ಅಂಗೈ ಇದನ್ನು ಗಣಿತವಿಲ್ಲದೆ ಅರಿತಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ನಳಚರಿತ್ರೆಯಲ್ಲಿ ಋತುಪರ್ಣನು ತಾರೆಯ ಮರದ ಎಲೆ-ಕಾಯಿಗಳನ್ನು ದೂರದಿಂದಲೇ ಎಣಿಸಿ ಹೇಳಿ, ಅಕ್ಷಹೃದಯವನ್ನು ನಳನಿಗೆ ಉಪದೇಶಿಸಿದನಷ್ಟೆ. ಎಣಿಕೆಯ ವಿದ್ಯೆಗೂ ದಾಳದ ವಿದ್ಯೆಗೂ ನಂಟುಂಟೆಂದು ಆ ಕಥೆಯನ್ನು ಹೆಣೆದವರು ಕಂಡುಕೊಂಡಿದ್ದರೆಂದು ನಮಗೆ ತೋರುತ್ತದೆ.

ವಾಚಕರು ತಮ್ಮ ಮನೆಯ ಕವಡೆಗಳನ್ನು ಪರೀಕ್ಷಿಸಬೇಕೆಂದಿದ್ದರೆ ಅದು ಒಂದು ಮಧ್ಯಾಹ್ನದ ಕೆಲಸ. ನಾಲ್ಕು ಕವಡೆಗಳನ್ನು 160 ಬಾರಿ ಎಸೆದು, ಅಂಗಾತ ಬಿದ್ದ ಬಾಯಿಗಳನ್ನು ಗೆರೆ ಹಾಕುತ್ತ ಎಣಿಸಬೇಕು. ಒಟ್ಟು 640 ಬೀಳುವಿಕೆಗಳಲ್ಲಿ ಪಕ್ಷಪಾತವಿಲ್ಲದಿದ್ದರೆ 320ರ ಆಸುಪಾಸು ಅಂಗಾತವಿರಬೇಕು. ಕರಾರುವಾಕ್ಕಾಗಿ 320 ಬರಬೇಕೆಂದಿಲ್ಲ. 295ರಿಂದ 345ರವರೆಗೆ ಏರುಪೇರಾಗುವುದು ಸಹಜ. ಅದಕ್ಕೂ ಆಚೆ ಹೋದರೆ ಮಾತ್ರ ಕವಡೆಯನ್ನು ಶಂಕಿಸಬೇಕು. ಮಕ್ಕಳಿಗೆ ಇದನ್ನು ಒಪ್ಪಿಸಿದರೆ ಅವರು ಬೇಸರವಿಲ್ಲದೆ ಮಾಡುತ್ತಾರೆ. ಪಕ್ಷಪಾತವಿರುವ ಕವಡೆಯಿಂದ ಆಟ ಅನ್ಯಾಯವಾಗುವುದೆ ಎಂದರೆ, ಇಲ್ಲ. ಎಲ್ಲರೂ ಅವೇ ನಾಲ್ಕನ್ನು ಎಸೆಯುವವರೆಗೆ ಲಾಭವೂ ಎಲ್ಲರದೇ. ತನ್ನ ಸರದಿಗೆ ಬೇರೆ ಕವಡೆಯನ್ನು ತೆಗೆಯುವವನ ಮೇಲೆ ಕಣ್ಣಿರಬೇಕು, ಅಷ್ಟೆ. ಆಯಿ ತನ್ನ ಬೀಜಗಳನ್ನು ಎಲ್ಲರ ಕೈಗೂ ಕೊಟ್ಟಾಗ ಮಕ್ಕಳ ಆಪಾದನೆ ಅಲ್ಲಿಗೇ ಬಿದ್ದುಹೋಯಿತು.

ನಮಗೆ ಆ ಎರಡು ದಿನಗಳಲ್ಲಿ ಕಳವಳವನ್ನುಂಟುಮಾಡಿದ್ದು ಬೇರೊಂದು ಮಾತು. ಹೊತ್ತಿನಿಂದ ಗರ ಬೀಳದ ತರುಣನೊಬ್ಬನು, ‘ಬಾರಾ ಬಿದ್ದು ಬಾಳ ಹೊತ್ತಾತು, ಈಗ ಬೀಳಲೇಬೇಕು’ ಎಂದನು. ಈ ಮಾತನ್ನು ಎಲ್ಲ ಊರುಗಳಲ್ಲಿಯೂ ಕೇಳಬಹುದು. ಕೇಳಿದಲ್ಲೆಲ್ಲ ಅದು ತಪ್ಪೇ. ಹಿಂದಿನ ಎಸೆತಗಳ ನೆನಪು ಕವಡೆಗಿಲ್ಲ. ಹದಿನಾರರಲ್ಲಿ ಒಂದು ಅವಕಾಶವಿರುವ ಬಾರಾ 16 ಎಸೆತಗಳಲ್ಲಿ ಒಮ್ಮೆಯೂ ಬೀಳದಿರುವ ಸಂಭವ ನೂರಕ್ಕೆ 36ರಷ್ಟಿದೆ. 32 ಎಸೆತಗಳಲ್ಲಿ ಬೀಳದಿರುವುದು ನೂರಕ್ಕೆ 13ರಷ್ಟು. ಅಷ್ಟು ಕಾದ ಮೇಲೆಯೂ ಮುಂದಿನ ಎಸೆತಕ್ಕಿರುವುದು ಅದೇ ಹದಿನಾರರಲ್ಲಿ ಒಂದು.

ಪಡಸಾಲೆಯಲ್ಲಿ ಈ ಭ್ರಮೆಯಿಂದ ಹೋಗುವುದು ಒಂದು ಕಾಯಿ. ಹಣ ಕಟ್ಟಿದಲ್ಲಿ ಸಂಸಾರವೇ ಹೋಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ಜೂಜಿಗೆ ಅಧ್ಯಕ್ಷನನ್ನು ನೇಮಿಸಿ, ದಾಳಗಳನ್ನು ಅವನೇ ಒದಗಿಸಬೇಕೆಂದೂ ಗೆದ್ದ ಹಣದಲ್ಲಿ ನೂರಕ್ಕೆ 5ರಂತೆ ತೆಗೆದುಕೊಳ್ಳಬೇಕೆಂದೂ ವಿಧಿಸುತ್ತದೆ. ಸಮಬಲರಾದ ಇಬ್ಬರು ನೂರು ನೂರು ಪಣವಿಟ್ಟು 20 ಆಟ ಆಡಿ, ಹತ್ತು ಹತ್ತು ಗೆದ್ದರೆನ್ನಿ. ದಾಳದಲ್ಲಿ ಎಳ್ಳಷ್ಟೂ ಮೋಸವಿಲ್ಲದಿದ್ದರೂ ಇಬ್ಬರ ನಡುವಿನ ಹಣದಲ್ಲಿ ನೂರು ಅಧ್ಯಕ್ಷನ ಪೆಟ್ಟಿಗೆಯನ್ನು ಸೇರಿರುತ್ತದೆ. ಆಡಿದಷ್ಟೂ ಗೆಲ್ಲುವವನು ಮೂರನೆಯವನು. ಮೊಬೈಲ್ ಫೋನಿನಲ್ಲಿ ಹಣವಿಟ್ಟು ಆಡುವ ಲೂಡೊದಂಥ ಆಟಗಳಲ್ಲಿಯಂತೂ ದಾಳವನ್ನು ಕೈಯಲ್ಲಿ ಹಿಡಿದು ಕುಲುಕಿ ನೋಡುವ ಅವಕಾಶವೂ ಆಟಗಾರನಿಗಿರಲಿಲ್ಲ. ಹಣ ಕಟ್ಟಿ ಆಡುವ ಇಂಥ ಆಟಗಳನ್ನು ಅಂತರ್ಜಾಲದಲ್ಲಿ ನಡೆಸುವುದನ್ನು ನಿಷೇಧಿಸುವ ಶಾಸನವನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಶಾಸನವೇನೋ ಬೇಕಾದದ್ದೇ, ಆದರೆ ‘ಈಗ ಬೀಳಲೇಬೇಕು’ ಎಂಬ ನಂಬಿಕೆಯನ್ನು ಯಾವ ಶಾಸನವೂ ನಿಷೇಧಿಸಲಾರದು. ಹತ್ತು ವರ್ಷದ ಮಗು 160 ಬಾರಿ ಕವಡೆ ಎಸೆದು ಗೆರೆ ಹಾಕಿದರೆ ಅದಕ್ಕೆ ಈ ನಂಬಿಕೆ ಅಂಟುವ ಭಯ ಕಡಿಮೆಯೆಂದು ನಮ್ಮ ಎಣಿಕೆ.

ಎರಡನೆಯ ದಿನ ಭಾಲ್ಕಿಯವರು ಏಳು ಮನೆಯ ಪಟವನ್ನು ಬರೆದರು. ನಲವತ್ತೊಂಬತ್ತು ಮನೆಗಳ ಈ ಪಟಕ್ಕೆ ಕವಡೆ ಆರು. ಬೀಳುವ ರೀತಿಗಳು 64. ಆರೂ ಬೋರಲಾಗುವುದು ಅವುಗಳಲ್ಲಿ ಒಂದೇ ಒಂದು. ಅಲ್ಲಿ ಕವಡೆಯ ದೋಷ ನಾಲ್ಕನೆಯ ಘಾತಕ್ಕಲ್ಲ, ಆರನೆಯ ಘಾತಕ್ಕೆ ಏರುವುದರಿಂದ, ನೂರಕ್ಕೆ 45ರ ಕವಡೆಯಲ್ಲಿ ಎರಡು ಕೊನೆಗಳ ಪ್ರಮಾಣ 3.3ನ್ನು ದಾಟುತ್ತದೆ. ಆಯಿ ಇನ್ನೆರಡು ಹುಣಸೆ ಬೀಜಗಳನ್ನು ಕೇಳಿ ತರಿಸಿಕೊಂಡು ಕಲ್ಲಿಗೆ ಉಜ್ಜತೊಡಗಿದರು.