ನಿಮಗಿದು ಗೊತ್ತೆ? ಮಲಬದ್ಧತೆಗೆ ಎಣ್ಣೆಯೋ, ಗುಳ್ಳವೋ?

ಮಲಬದ್ಧತೆಗೆ ಆಲಿವ್ ಎಣ್ಣೆ ಕುಡಿಯುವುದು ಮೆಡಿಟರೇನಿಯನ್ ತೀರದ ಮನೆಮದ್ದು. ನಮ್ಮ ಹಿರಿಯರದು ಹರಳೆಣ್ಣೆ. ಎರಡರ ಕೆಲಸ ಬೇರೆ. ಹರಳೆಣ್ಣೆಯ ರಿಸಿನೋಲಿಕ್ ಆಮ್ಲ ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ. ಆಲಿವ್ ಎಣ್ಣೆ ಮಲವನ್ನು ಮೆದುವಾಗಿಸಿ ಜಾರಿಸುತ್ತದೆ.

* ಬ್ರೆಜಿಲ್‌ನಲ್ಲಿ 50 ಡಯಾಲಿಸಿಸ್ ರೋಗಿಗಳ ಮೇಲೆ 4 ವಾರ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಲಿವ್ ಎಣ್ಣೆಯಿಂದ ತೊಂದರೆ ತಗ್ಗಿತು.

* ಆದರೆ ಎಣ್ಣೆಯಲ್ಲಿ ನಾರಿನಂಶವೇ ಇಲ್ಲ. ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ.

* ನಾರು ಬೇಕೆಂದರೆ ತರಕಾರಿ ತಿನ್ನಬೇಕು. ಬದನೆಯಲ್ಲಿ 100 ಗ್ರಾಂಗೆ ಸುಮಾರು 3 ಗ್ರಾಂ ನಾರು ಇದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಉಡುಪಿಯ ಮಟ್ಟುಗುಳ್ಳವೂ ಬದನೆಯೇ. ಗುಳ್ಳದ ಬೋಳು ಹುಳಿ (ತೆಂಗಿನಕಾಯಿ ಹಾಕದ ಹುಳಿ), ಜೊತೆಗೆ ಸಾಕಷ್ಟು ನೀರು ನಿತ್ಯಕ್ಕೆ ಒಳ್ಳೆಯದು.

* ಮಲದಲ್ಲಿ ರಕ್ತ, ತೀವ್ರ ಹೊಟ್ಟೆನೋವು ಕಂಡರೆ ಮನೆಮದ್ದು ಬಿಟ್ಟು ವೈದ್ಯರನ್ನು ಕಾಣಿ.